ಮನೆಯ ವಿದ್ಯುತ್ಸಂಚಯಕ: ಆಯ್ಕೆ ಮತ್ತು ಪಾಲನೆ

೧

ವಿದ್ಯುಚ್ಛಕ್ತಿಯು ಕಣಜದಲ್ಲಿ ತುಂಬಿಡಬಹುದಾದ ಧಾನ್ಯದಂಥದಲ್ಲ. ತಂತಿಯಲ್ಲಿ ಹರಿಯುವ ಶಕ್ತಿ ಹುಟ್ಟಿದ ಕ್ಷಣದಲ್ಲಿಯೇ ವ್ಯಯವಾಗಬೇಕು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತಿಗೆ ಯಾವ ನಿಯಮವಿತ್ತೋ ಇಂದು ನಗರದ ಬಹುಮಹಡಿ ಮನೆಗೆ ಬರುವ ವಿದ್ಯುತ್ತಿಗೂ ಅದೇ ನಿಯಮ. ಆದುದರಿಂದ ಎಲ್ಲಿಯೋ ದೂರದಲ್ಲಿ ಜಾಲದ ಸಮತೋಲ ತಪ್ಪಿದರೆ ಮನೆಯ ದೀಪ ಆ ಕ್ಷಣವೇ ಆರುತ್ತದೆ. ೨೦೧೨ರ ಜುಲೈ ೩೦ ಮತ್ತು ೩೧ರಂದು ಉತ್ತರ ಭಾರತದ ಜಾಲ ಕುಸಿದು ದೆಹಲಿ ಕತ್ತಲಲ್ಲಿ ಮುಳುಗಿತು. ೨೦೧೫ರ ಡಿಸೆಂಬರಿನ ನೆರೆಯಲ್ಲಿ ಚೆನ್ನೈಯ ಹಲವು ಬಡಾವಣೆಗಳು ದಿನಗಟ್ಟಲೆ ವಿದ್ಯುತ್ತಿಲ್ಲದೆ ಕಳೆದವು. ವಿದ್ಯುತ್ತು ಹೋಗುವುದೆಂದರೇನೆಂಬುದನ್ನೇ ಬಹುಮಟ್ಟಿಗೆ ಮರೆತಿದ್ದ ಮುಂಬಯಿಯಲ್ಲಿಯೂ ೨೦೨೦ರ ಅಕ್ಟೋಬರ್ ೧೨ರಂದು ಲೋಕಲ್ ರೈಲುಗಳು ನಿಂತಲ್ಲಿಯೇ ನಿಂತವು.

ಇಂಥ ಹೊತ್ತಿಗೆಂದು ಮನೆಗಳಲ್ಲಿ ಇನ್ವರ್ಟರ್ ಇಟ್ಟುಕೊಳ್ಳುವುದು ಈಗ ಸಾಮಾನ್ಯವಾಗಿದೆ. ಆದರೆ ಇನ್ವರ್ಟರ್ ಶಕ್ತಿಯನ್ನು ಕೂಡಿಡುವುದಿಲ್ಲ. ಬ್ಯಾಟರಿಯ ಏಕಮುಖ ಪ್ರವಾಹವನ್ನು ಮನೆಯ ಉಪಕರಣಗಳಿಗೆ ಒಗ್ಗುವ ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುವುದು, ವಿದ್ಯುತ್ತು ಮರಳಿದಾಗ ಬ್ಯಾಟರಿಯನ್ನು ಮತ್ತೆ ತುಂಬುವುದು, ಇವೆರಡೇ ಅದರ ಕೆಲಸ. ಕೂಡಿಡುವ ಹೊಣೆ ಬ್ಯಾಟರಿಯದು, ಅಂದರೆ ಸಂಚಯಕದ್ದು. ಕೊಳ್ಳುವಾಗ ಜನ ವಿಚಾರಿಸುವುದು ಇನ್ವರ್ಟರಿನ ವಿಷಯವನ್ನು; ಕೊಂಡ ಮೇಲೆ ಮರೆಯುವುದು ಸಂಚಯಕವನ್ನು. ನಾಲ್ಕೈದು ವರ್ಷ ಬಾಳಬೇಕಾದುದು ಎರಡೇ ವರ್ಷಗಳಲ್ಲಿ ಸೋತು, ಮಕ್ಕಳ ಪರೀಕ್ಷೆಯ ಹಿಂದಿನ ರಾತ್ರಿಯೋ, ಮನೆಯ ಹಿರಿಯರು ಹಾಸಿಗೆ ಹಿಡಿದಿರುವಾಗಲೋ ಕೈಕೊಡುವುದು ಈ ಮರೆವಿನ ಫಲ. ಸಂಚಯಕಗಳು ಮುಪ್ಪಿನಿಂದ ಸಾಯುವುದಕ್ಕಿಂತ ತೀರದ ಬಾಕಿಯಿಂದ ಸಾಯುವುದೇ ಹೆಚ್ಚು. ಈ ಮಾತಿನ ಅರ್ಥ ತಿಳಿಯಬೇಕಾದರೆ ಅದರ ಒಡಲೊಳಗಿನ ವ್ಯವಹಾರವನ್ನು ನೋಡಬೇಕು.

೨

ಸೀಸ ಮತ್ತು ಆಮ್ಲದ ಸಂಚಯಕವನ್ನು ಮೊದಲು ನಿರ್ಮಿಸಿದವನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ. ೧೮೫೯ರಲ್ಲಿ ಅವನು ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದನು. ೧೮೮೧ರಲ್ಲಿ ಕಮೀಲ್ ಫೋರ್ ಎಂಬವನು ಸೀಸದ ಆಕ್ಸೈಡನ್ನು ಫಲಕಗಳ ಮೇಲೆ ಮೆತ್ತುವ ಕ್ರಮವನ್ನು ತಂದುದರಿಂದ ಅದರ ಧಾರಣಶಕ್ತಿ ಹೆಚ್ಚಿ, ತಯಾರಿಕೆ ಸುಲಭವಾಯಿತು. ಮರುವರ್ಷವೇ ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್ ಎಂಬ ಇಂಗ್ಲಿಷ್ ರಸಾಯನಜ್ಞರು ಒಳಗೆ ನಡೆಯುವ ಕ್ರಿಯೆಯನ್ನು ವಿವರಿಸಿದರು. ಇಂದು ಮನೆಗಳಲ್ಲಿರುವ ನೀರು ಹಾಕುವ ಬ್ಯಾಟರಿಯು ತತ್ತ್ವದಲ್ಲಿ ಅದೇ ಆಗಿದೆ.

ಅದರ ಪ್ರತಿಯೊಂದು ಕೋಶದಲ್ಲಿಯೂ ಎರಡು ಬಗೆಯ ಫಲಕಗಳಿವೆ. ಧನಫಲಕದಲ್ಲಿರುವುದು ಸೀಸದ ಡೈಆಕ್ಸೈಡು; ಋಣಫಲಕದಲ್ಲಿರುವುದು ಸ್ಪಂಜಿನಂತೆ ರಂಧ್ರಮಯವಾದ ಸೀಸ. ಶಕ್ತಿಯನ್ನು ತೆಗೆದುಕೊಂಡಂತೆಲ್ಲ ಎರಡೂ ಫಲಕಗಳ ದ್ರವ್ಯವು ಸೀಸದ ಸಲ್ಫೇಟಾಗುತ್ತ, ಆಮ್ಲವು ತೆಳುವಾಗುತ್ತ ಹೋಗುತ್ತದೆ. ಮರಳಿ ತುಂಬಿದಾಗ ಸಲ್ಫೇಟು ಕರಗಿ, ಫಲಕಗಳು ಮೊದಲಿನಂತಾಗಿ, ಆಮ್ಲವು ಮತ್ತೆ ಗಾಢವಾಗುತ್ತದೆ. ಆದುದರಿಂದ ಆಮ್ಲದ ವಿಶಿಷ್ಟ ಗುರುತ್ವವೇ ಸಂಚಯಕದ ಪಾಸ್ ಪುಸ್ತಕ. ನಮ್ಮ ದೇಶದ ಇನ್ವರ್ಟರ್ ಬ್ಯಾಟರಿಗಳಲ್ಲಿ ಅದು ಪೂರ್ಣ ಭರ್ತಿಯಾದಾಗ ಸುಮಾರು ೧.೨೪ ಇದ್ದು, ಬರಿದಾದಂತೆ ೧.೧೫ರ ಕಡೆಗೆ ಇಳಿಯುತ್ತದೆ.

ಧನ, ಋಣ ಎಂಬ ಪದಗಳು ವಿದ್ಯುಚ್ಛಾಸ್ತ್ರಕ್ಕೆ ಬಂದುದು ಗಣಿತದಿಂದ. ೬೨೮ರಲ್ಲಿ ರಚಿತವಾದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತನು ಧನಸಂಖ್ಯೆ ಋಣಸಂಖ್ಯೆಗಳ ನಿಯಮಗಳನ್ನು ಹೇಳಿದ್ದಾನೆ. ಅದಕ್ಕೂ ಮೂಲದಲ್ಲಿ ಅವು ಸಿರಿಯನ್ನೂ ಸಾಲವನ್ನೂ ಹೇಳುವ ಮಾತುಗಳು. ಸಂಚಯಕದ ಪಾಲನೆಗೆ ಈ ಮೂಲಾರ್ಥವೇ ದಾರಿ ತೋರುತ್ತದೆ. ಹೊಸದಾಗಿ ಹುಟ್ಟಿದ ಸಲ್ಫೇಟಿನ ಹರಳುಗಳು ಅತಿ ಸೂಕ್ಷ್ಮ. ಕೂಡಲೆ ತುಂಬಿದರೆ ಅವು ಸುಲಭವಾಗಿ ಕರಗುತ್ತವೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಒಂದಕ್ಕೊಂದು ಕೂಡಿ ದಪ್ಪನಾಗಿ, ಗಡುಸಾಗಿ, ಎಷ್ಟು ತುಂಬಿದರೂ ಕರಗದ ಹೆಪ್ಪಾಗುತ್ತವೆ. ಅಷ್ಟರ ಮಟ್ಟಿಗೆ ಫಲಕದ ದುಡಿಮೆ ಶಾಶ್ವತವಾಗಿ ನಷ್ಟವಾದಂತೆ. ಸಾಲ ಮಾಡುವುದರಿಂದ ಸಂಚಯಕಕ್ಕೆ ಕೇಡಿಲ್ಲ, ಅದು ಹುಟ್ಟಿರುವುದೇ ಅದಕ್ಕಾಗಿ. ಸಾಲವನ್ನು ತೀರಿಸದೆ ಬಾಕಿ ಬಿಡುವುದರಿಂದ ಕೇಡು.

ಹೊರನಾಡಿನ ಕನ್ನಡಿಗರ ಮನೆಗಳಲ್ಲಿ ಈ ಬಾಕಿ ಬೀಳುವ ಕಾಲ ಸಾಮಾನ್ಯವಾಗಿ ಬೇಸಗೆಯ ರಜೆ. ಧಾರವಾಡಕ್ಕೋ ಉಡುಪಿಗೋ ಹೊರಡುವಾಗ ಜಾಗರೂಕತೆಯಿಂದ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿ ಬೀಗ ಹಾಕುತ್ತಾರೆ. ಇನ್ವರ್ಟರಿನ ಸ್ವಿಚ್ಚು ಮಾತ್ರ ಹಾಕಿದಂತೆಯೇ ಇರುತ್ತದೆ. ವಿದ್ಯುತ್ತು ಹೋಗಿದೆಯೆಂದೇ ಬಗೆದು ಅದು ಯಾರೂ ಇಲ್ಲದ ಮನೆಗೆ ಶಕ್ತಿಯನ್ನು ಒದಗಿಸುತ್ತ, ತನ್ನ ಸ್ವಂತ ವೆಚ್ಚಕ್ಕೂ ಬ್ಯಾಟರಿಯಿಂದಲೇ ಎಳೆದುಕೊಳ್ಳುತ್ತ, ಒಂದೆರಡು ದಿನಗಳಲ್ಲಿಯೇ ಅದನ್ನು ಬರಿದುಮಾಡುತ್ತದೆ. ಮುಂದಿನ ಒಂದೂವರೆ ತಿಂಗಳು ಸಂಚಯಕವು ಬರಿದಾಗಿ, ಬಿಸಿಲಿನ ಕಾವಿನಲ್ಲಿ ಬಿದ್ದಿರುತ್ತದೆ. ಊರಿನಿಂದ ಮರಳಿದ ಮೇಲೆ ಹತ್ತು ನಿಮಿಷವೂ ದೀಪ ಉರಿಯದಿದ್ದಾಗ ತಯಾರಕರನ್ನು ದೂರುವುದುಂಟು. ಹೊರಡುವ ಮುನ್ನ ಬ್ಯಾಟರಿಯನ್ನು ಪೂರ್ಣವಾಗಿ ತುಂಬಿಸಿ, ನೀರಿನ ಮಟ್ಟ ನೋಡಿ, ಇನ್ವರ್ಟರನ್ನು ಆರಿಸಿ, ಬ್ಯಾಟರಿಯ ತಂತಿಯನ್ನು ಬಿಡಿಸಿಟ್ಟರೆ ತಿಂಗಳೊಂದಕ್ಕೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚು ಕಾಲವಾದರೆ ನಡುವೆ ಒಮ್ಮೆ ತುಂಬಿಸುವಂತೆ ನೆರೆಯವರಿಗೆ ಹೇಳಿಹೋಗುವುದು ಒಳ್ಳೆಯದು. ಏಕೆಂದರೆ ಯಾವ ಕೆಲಸವೂ ಇಲ್ಲದಿದ್ದರೂ ಸಂಚಯಕವು ತನ್ನಷ್ಟಕ್ಕೆ ತಾನೇ ಸ್ವಲ್ಪ ಸ್ವಲ್ಪವಾಗಿ ಬರಿದಾಗುತ್ತದೆ.

೩

ಆಯ್ಕೆಯು ಅಂಗಡಿಯಲ್ಲಲ್ಲ, ಮನೆಯಲ್ಲಿ ಕಾಗದದ ಮೇಲೆ ಆರಂಭವಾಗಬೇಕು. ಒಂದು ಸಂಸಾರಕ್ಕೆ ೭೫ ವಾಟಿನ ಮೂರು ಪಂಖಗಳು, ೯ ವಾಟಿನ ಐದು ಎಲ್‌ಇಡಿ ದೀಪಗಳು, ೧೦ ವಾಟಿನ ಒಂದು ಇಂಟರ್‌ನೆಟ್ ಪೆಟ್ಟಿಗೆ ಮೂರು ಗಂಟೆಯ ಕಾಲ ನಡೆಯಬೇಕೆಂದಿಟ್ಟುಕೊಳ್ಳೋಣ. ಒಟ್ಟು ೨೮೦ ವಾಟು. ಮೂರು ಗಂಟೆಗೆ ೮೪೦ ವಾಟ್-ಗಂಟೆ. ಮಾರ್ಪಾಡಿನಲ್ಲಿ ಐದರಲ್ಲೊಂದು ಪಾಲು ನಷ್ಟವೆಂದು ಹಿಡಿದರೆ ಬ್ಯಾಟರಿಯು ೧,೦೫೦ ವಾಟ್-ಗಂಟೆ ಕೊಡಬೇಕಾಗುತ್ತದೆ. ಸೀಸದ ಸಂಚಯಕವನ್ನು ಪದೇಪದೇ ತಳ ಕಾಣಿಸುವುದು ಹಿತವಲ್ಲವಾದುದರಿಂದ, ನೂರಕ್ಕೆ ಅರವತ್ತರಷ್ಟನ್ನು ಮಾತ್ರ ಬಳಸುವುದೆಂದು ನಿಶ್ಚಯಿಸಿದರೆ, ಅದರ ಧಾರಣಶಕ್ತಿ ೧,೭೫೦ ವಾಟ್-ಗಂಟೆ ಇರಬೇಕು. ೧೨ ವೋಲ್ಟಿನಿಂದ ಭಾಗಿಸಿದರೆ ಸುಮಾರು ೧೪೬ ಆಂಪಿಯರ್-ಗಂಟೆ. ಅಂಗಡಿಯಲ್ಲಿ ೧೫೦ರ ಬ್ಯಾಟರಿ ಕೇಳಬೇಕಾದುದು ಹೀಗೆ.

ಇದೇ ಮನೆಯಲ್ಲಿ ಪಂಖಗಳನ್ನು ಬದಲಾಯಿಸಿ, ೩೦ ವಾಟಿನಲ್ಲಿ ನಡೆಯುವ ಹೊಸ ಬಗೆಯ ಬಿಎಲ್‌ಡಿಸಿ ಪಂಖಗಳನ್ನು ಹಾಕಿದರೆ ಒಟ್ಟು ಹೊರೆ ೧೪೫ ವಾಟಿಗೆ ಇಳಿಯುತ್ತದೆ. ಅದೇ ಲೆಕ್ಕದಂತೆ ಬೇಕಾಗುವುದು ಸುಮಾರು ೭೬ ಆಂಪಿಯರ್-ಗಂಟೆ ಮಾತ್ರ. ಜಮೆಯನ್ನು ಹೆಚ್ಚಿಸುವುದಕ್ಕಿಂತ ಮೊದಲು ಖರ್ಚನ್ನು ತಗ್ಗಿಸುವುದು ಲೇಸೆಂಬ ಗೃಹಸ್ಥಧರ್ಮ ಇಲ್ಲಿಯೂ ಸಲ್ಲುತ್ತದೆ.

ಬ್ಯಾಟರಿಯ ಮೇಲೆ ಮುದ್ರಿಸಿದ ಅಂಕಿಯನ್ನು ಓದುವಾಗ ಎಚ್ಚರ ಬೇಕು. ೧೫೦ ಆಂಪಿಯರ್-ಗಂಟೆ, ಸಿ ೨೦ ಎಂದಿದ್ದರೆ ೭.೫ ಆಂಪಿಯರಿನಂತೆ ೨೦ ಗಂಟೆ ಕೊಡುವುದೆಂದು ಅರ್ಥ. ಮೇಲಿನ ೨೮೦ ವಾಟಿನ ಹೊರೆಗೆ ಸುಮಾರು ೨೯ ಆಂಪಿಯರ್ ಬೇಕಾಗುವುದರಿಂದ, ಬರಿಯ ಭಾಗಾಕಾರದಂತೆ ಅದು ಐದು ಗಂಟೆ ನಡೆಯಬೇಕು, ಆದರೆ ನಡೆಯದು. ವೇಗವಾಗಿ ತೆಗೆದಷ್ಟೂ ಒಟ್ಟು ಸಿಗುವುದು ಕಡಿಮೆಯೆಂಬ ಈ ನಿಯಮವನ್ನು ಜರ್ಮನಿಯ ಪ್ಯೂಕರ್ಟ್ ೧೮೯೭ರಲ್ಲಿ ಸೂತ್ರರೂಪವಾಗಿ ಹೇಳಿದನು. ನಲವತ್ತರಷ್ಟು ಪಾಲನ್ನು ಕಾದಿರಿಸುವುದಕ್ಕೆ ಇದೂ ಒಂದು ಕಾರಣ. ಎರಡು ಬ್ಯಾಟರಿಗಳನ್ನು ಹೋಲಿಸುವಾಗ ಎರಡರ ಅಂಕಿಯೂ ಒಂದೇ ಗಂಟೆಯ ಲೆಕ್ಕದ್ದೇ ಎಂದು ನೋಡಬೇಕು; ಸಿ ೧೦ರ ೧೫೦ಕ್ಕೂ ಸಿ ೨೦ರ ೧೫೦ಕ್ಕೂ ಬೆಲೆ ಬೇರೆ, ಬಲವೂ ಬೇರೆ.

ಜಾತಿಗಳಲ್ಲಿ ಮುಖ್ಯವಾದವು ನಾಲ್ಕು. ಚಪ್ಪಟೆ ಫಲಕದ ಬ್ಯಾಟರಿಗೆ ಬೆಲೆ ಕಡಿಮೆ. ವಿದ್ಯುತ್ತು ಅಪರೂಪವಾಗಿ, ಅಲ್ಪಕಾಲ ಹೋಗುವ ಊರಿಗೆ ಸಾಕು. ಕೊಳವೆ ಫಲಕದ್ದರಲ್ಲಿ, ಅಂದರೆ ಟ್ಯೂಬುಲರ್ ಬ್ಯಾಟರಿಯಲ್ಲಿ, ಧನಫಲಕದ ದ್ರವ್ಯವು ನೇಯ್ದ ಕೊಳವೆಗಳೊಳಗೆ ಹಿಡಿದಿಟ್ಟಂತಿರುವುದರಿಂದ ಉದುರುವುದು ಕಡಿಮೆ. ದಿನವೂ ಗಂಟೆಗಟ್ಟಲೆ ದುಡಿಯಬೇಕಾದಲ್ಲಿ ಇದೇ ಯೋಗ್ಯ. ಮುಚ್ಚಿದ ಬ್ಯಾಟರಿಗೆ ನೀರು ಹಾಕುವ ಕೆಲಸವಿಲ್ಲ. ಆದರೆ ಒಳಗಿನ ಸ್ಥಿತಿಯನ್ನು ಆಮ್ಲದಿಂದ ಅಳೆಯುವ ಉಪಾಯವೂ ಇಲ್ಲ, ಕಾವನ್ನು ತಾಳುವ ಶಕ್ತಿಯೂ ಕಡಿಮೆ. ನಾಲ್ಕನೆಯದು ಲಿಥಿಯಂ ಕಬ್ಬಿಣ ಫಾಸ್ಫೇಟಿನದು. ಬೆಲೆ ಹೆಚ್ಚಾದರೂ ಹಗುರ; ನೂರಕ್ಕೆ ಎಂಬತ್ತರಷ್ಟನ್ನು ತೆಗೆದರೂ ಬಹುಕಾಲ ಬಾಳುತ್ತದೆ; ಅರ್ಧ ಬರಿದಾಗಿ ಇದ್ದರೂ ಸಲ್ಫೇಟಿನ ಭಯವಿಲ್ಲ. ಆದರೆ ಸೀಸದ ಬ್ಯಾಟರಿಗೆಂದು ಮಾಡಿದ ಹಳೆಯ ಇನ್ವರ್ಟರಿಗೆ ಇದನ್ನು ಹಾಗೆಯೇ ಜೋಡಿಸಬಾರದು. ತುಂಬುವ ಕ್ರಮ ಬೇರೆಯಾದುದರಿಂದ ಇನ್ವರ್ಟರ್ ಅದಕ್ಕೆ ಒಪ್ಪುವುದೆಂದು ತಯಾರಕರಿಂದ ಖಚಿತಮಾಡಿಕೊಳ್ಳಬೇಕು.

ಖಾತರಿಪತ್ರದಲ್ಲಿ ‘೬೦ ತಿಂಗಳು’ ಎಂದಿದ್ದರೆ ಅದರಲ್ಲಿ ಉಚಿತವಾಗಿ ಬದಲಾಯಿಸಿಕೊಡುವ ತಿಂಗಳುಗಳೆಷ್ಟು, ಹೊಸ ಬ್ಯಾಟರಿಯ ಬೆಲೆಯಲ್ಲಿ ರಿಯಾಯಿತಿ ಮಾತ್ರ ಕೊಡುವ ತಿಂಗಳುಗಳೆಷ್ಟು ಎಂಬುದನ್ನು ಬೇರ್ಪಡಿಸಿ ಓದಬೇಕು. ತಯಾರಾದ ತಾರೀಖನ್ನು ನೋಡಿ, ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತದ್ದನ್ನು ನಿರಾಕರಿಸಬೇಕು. ಬಾಕಿ ಅಲ್ಲಿಯೇ ಬೆಳೆಯತೊಡಗಿರುತ್ತದೆ. ೨೪ ವೋಲ್ಟಿಗೆಂದು ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುವಲ್ಲಿ ಒಂದನ್ನು ಮಾತ್ರ ಬದಲಾಯಿಸುವುದು ಉಳಿತಾಯವಲ್ಲ. ಹಳೆಯದು ಬೇಗನೆ ಬರಿದಾಗಿ ಹೊಸದನ್ನೂ ಕೆಡಿಸುತ್ತದೆ. ಆಮ್ಲಜನಕ ಒದಗಿಸುವ ಯಂತ್ರದ ಮೇಲೆ ಬಾಳುವ ರೋಗಿಯಿರುವ ಮನೆಯಲ್ಲಿ ಆ ಯಂತ್ರದ ಹೊರೆಯನ್ನು ಬೇರೆಯಾಗಿಯೇ ಲೆಕ್ಕಹಾಕಬೇಕು. ಬ್ಯಾಟರಿಯೊಂದನ್ನೇ ನಂಬದೆ ವೈದ್ಯರನ್ನು ಕೇಳಿ ಸಿಲಿಂಡರನ್ನೂ ಇಟ್ಟಿರಬೇಕು.

೪

ಪಾಲನೆಯಲ್ಲಿ ಮೊದಲನೆಯದು ನೀರು. ತುಂಬುವಾಗ ಕೊನೆಯ ಹಂತದಲ್ಲಿ ನೀರು ವಿಭಜನೆಗೊಂಡು ಜಲಜನಕವೂ ಆಮ್ಲಜನಕವೂ ಹೊರಬೀಳುತ್ತವೆ. ಹೋಗುವುದು ನೀರೇ ಹೊರತು ಆಮ್ಲವಲ್ಲ. ಆದುದರಿಂದ ಸೇರಿಸಬೇಕಾದುದು ಬಟ್ಟಿ ಇಳಿಸಿದ ಇಲ್ಲವೆ ಲವಣ ಕಳೆದ ಬ್ಯಾಟರಿ ನೀರು ಮಾತ್ರ. ಆಮ್ಲವನ್ನು ಎಂದಿಗೂ ಸೇರಿಸಬಾರದು. ನಲ್ಲಿಯ ನೀರಿನಲ್ಲಿಯೂ ಕೊಳವೆಬಾವಿಯ ನೀರಿನಲ್ಲಿಯೂ ಇರುವ ಕಬ್ಬಿಣ, ಕ್ಲೋರೈಡು ಮೊದಲಾದವು ಫಲಕಗಳಿಗೆ ವಿಷ. ಕುಡಿಯಲೆಂದು ಮನೆಯಲ್ಲಿ ಶೋಧಿಸಿದ ನೀರೂ ಸಾಕಷ್ಟು ಶುದ್ಧವಲ್ಲ. ಎರಡು ಮೂರು ತಿಂಗಳಿಗೊಮ್ಮೆ, ಬೇಸಗೆಯಲ್ಲಿ ಇನ್ನೂ ಬೇಗ, ಮಟ್ಟ ನೋಡಬೇಕು. ಫಲಕಗಳು ನೀರಿನಿಂದ ಹೊರಗೆ ಕಾಣುತ್ತಿದ್ದರೆ ಅವು ಮುಳುಗುವಷ್ಟನ್ನು ಕೂಡಲೆ ಹಾಕಿ, ಉಳಿದುದನ್ನು ಪೂರ್ಣ ತುಂಬಿದ ಮೇಲೆ ಹಾಕಬೇಕು. ಮೊದಲೇ ಗುರುತಿನವರೆಗೆ ತುಂಬಿದರೆ ಆಮ್ಲ ಉಬ್ಬಿ ಹೊರಚೆಲ್ಲುತ್ತದೆ.

ಎರಡನೆಯದು ಗಾಳಿ. ಗಾಳಿಯಲ್ಲಿ ಜಲಜನಕವು ನೂರಕ್ಕೆ ನಾಲ್ಕರಷ್ಟು ಸೇರಿದರೆ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲುದು. ಸ್ಥಳದ ಅಭಾವದಿಂದ ಬ್ಯಾಟರಿಯನ್ನು ಮುಚ್ಚಿದ ಕಪಾಟಿನಲ್ಲಿಯೋ ದೇವರ ಗೂಡಿನ ಕೆಳಗೋ ಇಡುವ ರೂಢಿ ಅಪಾಯಕರ. ನಂದಾದೀಪಕ್ಕೂ ಅಡಿಗೆಯ ಒಲೆಗೂ ಅದು ದೂರವಿರಬೇಕು. ಕಾವು ಹತ್ತು ಡಿಗ್ರಿ ಏರಿದರೆ ಆಯುಸ್ಸು ಸರಿಸುಮಾರು ಅರ್ಧಕ್ಕಿಳಿಯುವುದೆಂಬುದು ತಜ್ಞರ ಸ್ಥೂಲ ಲೆಕ್ಕ. ಬಿಸಿಲು ಬೀಳುವ ಬಾಲ್ಕನಿಯೂ ಆದುದರಿಂದ ತಕ್ಕ ಸ್ಥಳವಲ್ಲ.

ಧ್ರುವಗಳ ಮೇಲೆ ಬಿಳಿಯ ಅಥವಾ ಹಸಿರು ಹುಡಿ ಕಂಡರೆ, ಇನ್ವರ್ಟರನ್ನು ಆರಿಸಿ, ಅದರ ಪ್ಲಗ್ಗನ್ನು ಗೋಡೆಯಿಂದ ತೆಗೆದು, ಮುಚ್ಚಳಗಳು ಭದ್ರವಾಗಿರುವುದನ್ನು ನೋಡಿಕೊಂಡು, ಅಡಿಗೆ ಸೋಡಾ ಕಲಸಿದ ಬೆಚ್ಚನೆಯ ನೀರಿನಿಂದ ಒರಸಬೇಕು. ಸೋಡಾ ಒಳಗೆ ಹೋಗಬಾರದು. ಒಣಗಿದ ಮೇಲೆ ನಟ್ಟು ಬಿಗಿಮಾಡಿ ವ್ಯಾಸಲೀನ್ ಸವರಬೇಕು. ಈ ಕೆಲಸಕ್ಕೆ ಕೈಯ ಉಂಗುರ ಬಳೆಗಳನ್ನು ತೆಗೆದಿಡುವುದು ಅವಶ್ಯ. ಎರಡು ಧ್ರುವಗಳಿಗೂ ಲೋಹ ತಾಗಿದರೆ ಕ್ಷಣಾರ್ಧದಲ್ಲಿ ಕೆಂಪಗೆ ಕಾಯುತ್ತದೆ. ಆಮ್ಲ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷವಾದರೂ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ವಿದ್ಯುತ್ತು ಹೋಗುವುದೇ ಅಪರೂಪವಾದ ಊರಿನಲ್ಲಿ ತಿಂಗಳಿಗೊಮ್ಮೆ ಮುಖ್ಯ ಸ್ವಿಚ್ಚನ್ನು ಆರಿಸಿ, ಅರ್ಧ ಗಂಟೆ ಬ್ಯಾಟರಿಯ ಮೇಲೆ ಮನೆಯನ್ನು ನಡೆಸಿ, ಮತ್ತೆ ಪೂರ್ಣವಾಗಿ ತುಂಬಿಸುವುದು ಒಳ್ಳೆಯ ಅಭ್ಯಾಸ. ಹೈಡ್ರೋಮೀಟರಿನಿಂದ ಆರು ಕೋಶಗಳನ್ನೂ ಅಳೆದು, ತಾರೀಖಿನೊಡನೆ ಬರೆದಿಟ್ಟರೆ, ಉಳಿದವುಗಳಿಗಿಂತ ಕೆಳಗಿಳಿಯುತ್ತಿರುವ ಕೋಶ ಯಾವುದೆಂಬುದು, ಬ್ಯಾಟರಿ ಕೈಕೊಡುವ ಎಷ್ಟೋ ಮೊದಲೇ ಗೊತ್ತಾಗುತ್ತದೆ.

೫

ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಸಂಚಯಕಕ್ಕೆ ಅಂತ್ಯವುಂಟು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸೀಸ ಮತ್ತು ಸೀಸದ ಸಂಯುಕ್ತಗಳು. ಸರಿಯಾದ ಕಾರ್ಖಾನೆಗೆ ಸೇರಿದರೆ ಅದೇ ಸೀಸ ಹೊಸ ಬ್ಯಾಟರಿಯಾಗಿ ಮರಳುತ್ತದೆ. ಹೆಚ್ಚು ಕಾಸಿನ ಆಸೆಗೆ ಬೀದಿಯ ಗುಜರಿಯವನಿಗೆ ಕೊಟ್ಟರೆ ಅದು ಯಾವುದೋ ಹಿತ್ತಿಲಿನಲ್ಲಿ ಒಡೆದು, ಆಮ್ಲವು ಮಣ್ಣಿಗೆ ಹರಿದು, ತೆರೆದ ಕುಲುಮೆಯಲ್ಲಿ ಕರಗಿ, ಅದರ ಹೊಗೆ ಸುತ್ತಲಿನ ಮಕ್ಕಳ ಉಸಿರನ್ನು ಸೇರಬಹುದು. ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ, ಒಟ್ಟು ೮೦ ಕೋಟಿಯವರೆಗಿನ ಮಕ್ಕಳಲ್ಲಿ, ಡೆಸಿಲೀಟರಿಗೆ ೫ ಮೈಕ್ರೋಗ್ರಾಮಿನಷ್ಟೋ ಅದಕ್ಕೂ ಹೆಚ್ಚೋ ಸೀಸವಿದೆಯೆಂದು ಯುನಿಸೆಫ್ ಸಂಸ್ಥೆಯು ೨೦೨೦ರ ವರದಿಯಲ್ಲಿ ಹೇಳಿತು. ಇದಕ್ಕೆ ಮುಖ್ಯ ಕಾರಣಗಳಲ್ಲೊಂದೆಂದು ಬ್ಯಾಟರಿಗಳ ಇಂಥ ಅಕ್ರಮ ಸಂಸ್ಕರಣವನ್ನೇ ಎತ್ತಿ ತೋರಿಸಿತು. ನಮ್ಮ ದೇಶದಲ್ಲಿ ೨೦೨೨ರ ನಿಯಮಗಳು ಹಳೆಯ ಬ್ಯಾಟರಿಗಳನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಳೆಯದನ್ನು ಅಧಿಕೃತ ವ್ಯಾಪಾರಿಗೆ ಒಪ್ಪಿಸಿ, ಅದರ ಬೆಲೆಯನ್ನು ಹೊಸದರಲ್ಲಿ ಕಳೆದುಕೊಂಡು, ರಸೀದಿ ಪಡೆಯುವುದು ಗೃಹಸ್ಥನಿಗೆ ಕಷ್ಟದ ಕೆಲಸವೇನೂ ಅಲ್ಲ. ಒಂದು ಮನೆಯ ಬೆಳಕಿಗಾಗಿ ಇನ್ನೊಂದು ಮನೆಯ ಮಗು ತೆರಬೇಕಾದ ಋಣ ಉಳಿಯಬಾರದು.