ನಂದಿಧ್ವಜದ ಭಾರ ಹೊತ್ತ ಕೀಲು

ಸಂಕ್ರಾಂತಿ ಬಂತೆಂದರೆ ಸೊಲ್ಲಾಪುರದ ಬೀದಿಗಳಲ್ಲಿ ಏಳು ನಂದಿಧ್ವಜಗಳು ಎದ್ದು ನಿಲ್ಲುತ್ತವೆ. ಬಿಳಿ ಬಾರಾಬಂದಿ ತೊಟ್ಟ ಭಕ್ತರ ನಡುವೆ ಒಬ್ಬ, ಮುಗಿಲಿಗೆ ಚಾಚಿದ ಆ ಕೋಲಿನ ಬುಡವನ್ನು ಟೊಂಕದ ಪಟ್ಟಿಗೆ ಊರಿಕೊಂಡು ಹೆಜ್ಜೆ ಹಾಕುತ್ತಾನೆ. ಎಣ್ಣೆಮಜ್ಜನದ ದಿನವಂತೂ ಸಿದ್ಧರಾಮೇಶ್ವರರ 68 ಲಿಂಗಗಳಿಗಾಗಿ ಊರೆಲ್ಲ ಸುತ್ತಬೇಕು. ಜನರ ಕಣ್ಣೆಲ್ಲ ಧ್ವಜದ ತುದಿಯ ಮೇಲೆ. ನನ್ನ ಕಣ್ಣು ಮಾತ್ರ ಹೊತ್ತವನ ಟೊಂಕ ಬಿಟ್ಟು ಕದಲುವುದಿಲ್ಲ. ಆ ಚರ್ಮದಡಿ ಎಂಥ ಕೆಲಸ ನಡೆದಿದೆ ಗೊತ್ತೇ?

ಪ್ರತಿ ಹೆಜ್ಜೆಗೂ ಒಂದು ಗಳಿಗೆ ಇಡೀ ಮೈ ಒಂಟಿಕಾಲ ಮೇಲೆ ನಿಲ್ಲುತ್ತದೆ. ಮೈ ಆಚೆ ವಾಲದಂತೆ ಪಿರ್ರೆಯ ಪಕ್ಕದ ಸ್ನಾಯುಗಳು ಜಗ್ಗಿ ಹಿಡಿಯುತ್ತವೆ. ಆ ಜಗ್ಗಾಟವೂ ಸೇರಿ ಸೊಂಟದ ಕೀಲಿನ ಮೇಲೆ ಬೀಳುವ ಒತ್ತಡ ಮೈತೂಕದ ಎರಡೂವರೆ, ಮೂರು ಪಟ್ಟು! 60 ಕಿಲೋ ಆಳಿಗೆ ಬರಿಗೈಯಲ್ಲೇ 150ರಿಂದ 180 ಕಿಲೋ. ಧ್ವಜದ ಭಾರ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಇಷ್ಟನ್ನೂ ತಾಳುವುದು ತೊಡೆಯೆಲುಬಿನ ತುದಿಯ, ನಿಂಬೆಹಣ್ಣಿನಷ್ಟೇ ಇರುವ ಒಂದು ಗುಂಡು. ಅದು ಕೂರುವ ಬಟ್ಟಲು ಮೂರು ಎಲುಬುಗಳ ಕೂಟ. ಹುಟ್ಟಿದಾಗ ಬಿಡಿಬಿಡಿಯಾಗಿದ್ದವು ಹದಿಹರೆಯದಲ್ಲಿ ಬೆಸೆದುಕೊಳ್ಳುತ್ತವೆ. ಬಟ್ಟಲಿನ ಅಂಚಿಗೆ ಮೆದುವಾದ ಒಂದು ಬಳೆ, ಮುಂದುಗಡೆ ದೇಹದಲ್ಲೇ ಅತಿ ಗಟ್ಟಿಯಾದ ಅಸ್ಥಿಬಂಧ. ಅದು ಬಿಗಿದು ನಿಲ್ಲುವುದರಿಂದಲೇ ನಾವು ನೆಟ್ಟಗೆ ನಿಂತಾಗ ಮುಂಡ ಹಿಂದಕ್ಕೆ ಮಗುಚುವುದಿಲ್ಲ.

ಆದರೆ ನನ್ನನ್ನು ಬೆರಗುಗೊಳಿಸಿದ್ದು ಗಾಳಿ! 1836ರಲ್ಲಿ ಜರ್ಮನಿಯ ವೆಬರ್ ಸಹೋದರರು ಶವವೊಂದರ ಕೀಲಿನ ಸುತ್ತಲ ಸ್ನಾಯುಗಳನ್ನೂ ಕೀಲಿನ ಚೀಲವನ್ನೂ ಕತ್ತರಿಸಿದ ಪ್ರಯೋಗ ಬರೆದಿಟ್ಟರು. ಕಾಲು ಕಳಚಲಿಲ್ಲ. ಬಟ್ಟಲಿನ ತಳಕ್ಕೆ ಒಳಗಿನಿಂದ ತೂತು ಕೊರೆದು ಗಾಳಿ ನುಗ್ಗಿಸಿದ ಮೇಲೆಯೇ ಗುಂಡು ಜಾರಿತು. ಆ ಮೆದು ಬಳೆ ಒಳಗಿನ ದ್ರವವನ್ನು ಬಿಗಿಯಾಗಿ ಮುಚ್ಚಿಟ್ಟು, ಗುಂಡನ್ನು ಹೀರಿ ಹಿಡಿದಿರುತ್ತದೆ. ಬಳೆ ಹರಿದರೆ ತೊಡೆಸಂದಿಯಲ್ಲಿ ನೋವು, ಕಾಲು ತಿರುಗಿಸಿದಾಗ ಕಟಕಟ ಸದ್ದು.

ಇಷ್ಟು ಭದ್ರವಾದದ್ದು ಬಿಗುವಾಗಿರಬೇಕಲ್ಲವೇ? ಇಲ್ಲ! ಅಕ್ಕಲಕೋಟೆಯ ಹಳ್ಳಿಗಳಲ್ಲಿ ಚಕ್ಕಳಮಕ್ಕಳ ಹಾಕಿ ಜೋಳದ ರೊಟ್ಟಿಗೆ ಕೈಹಾಕುವವರನ್ನು, ಸೊಲ್ಲಾಪುರದಲ್ಲಿ ದಿನವಿಡೀ ನೆಲದ ಮೇಲೆ ಕೂತು ಬೀಡಿ ಸುತ್ತುವ ಹೆಣ್ಣುಮಕ್ಕಳನ್ನು ನೋಡಿ. ಅದೇ ಕೀಲು ಮಡಚುತ್ತದೆ, ಅಗಲುತ್ತದೆ, ಹೊರಕ್ಕೆ ತಿರುಗುತ್ತದೆ, ಮೂರೂ ಒಟ್ಟಿಗೆ.

ಇಂಥ ಕೀಲೂ ಸೋಲುತ್ತದೆ. ಕಾರು ಡಿಕ್ಕಿಯಾಗಿ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದರೆ ಗುಂಡು ಬಟ್ಟಲಿನಿಂದ ಹಿಂದಕ್ಕೆ ಚಿಮ್ಮುತ್ತದೆ. ಆರು ತಾಸಿನೊಳಗೆ ಕೂರಿಸುವುದು ಮೇಲು. ತಡವಾದಷ್ಟೂ ರಕ್ತ ಸಿಗದೆ ಎಲುಬು ಸಾಯುವ ಭಯ ಹೆಚ್ಚು. ಮುಪ್ಪಿನಲ್ಲಿ ಕೀಲು ತಪ್ಪುವುದಕ್ಕಿಂತ ಗುಂಡಿನ ಕೆಳಗಿನ ಕತ್ತು ಮುರಿಯುವುದೇ ಹೆಚ್ಚು. ಸವೆದ ಎಲುಬಿಗೆ ಬಚ್ಚಲಲ್ಲಿ ಒಮ್ಮೆ ಜಾರಿದರೂ ಸಾಕು.

ಮನೆಯ ಅಜ್ಜಿ ಬಿದ್ದು, ಏಳಲಾಗದೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ವಾಲಿದ್ದು ಕಂಡರೆ ದಯವಿಟ್ಟು ಎಣ್ಣೆ ತಿಕ್ಕಬೇಡಿ, ಎಬ್ಬಿಸಿ ನಡೆಸಬೇಡಿ. ಮಲಗಿಸಿಕೊಂಡೇ ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಿ, ಅವತ್ತೇ.