ತಟ್ಟೆಯಗಲದ ಚಿಪ್

ಗುತ್ತಲಿನ ಸುತ್ತಮುತ್ತಲ ರೈತರು ನಾಲೆಯ ನೀರಿನ ಒಂದು ಗುಣವನ್ನು ಚೆನ್ನಾಗಿ ಬಲ್ಲರು. ತೂಬಿನ ಬಳಿಯ ಗದ್ದೆ ತುಂಬಿ ತುಳುಕುತ್ತಿರುವಾಗ ಕೊನೆಯ ಭಾಗದ ಗದ್ದೆ ಬಿರುಕುಬಿಟ್ಟು ಬಾಯಾರಿರುತ್ತದೆ. ವಿದ್ಯುತ್ತಿನ ಪಾಡೂ ಇದೇ. ತಂತಿಯಲ್ಲಿ ದೂರ ಸಾಗಿದಂತೆಲ್ಲ ಅದರ ಒತ್ತಡ, ಎಂದರೆ ವೋಲ್ಟೇಜು, ಕುಗ್ಗುತ್ತದೆ. ಊರ ಕೊನೆಯ ಮನೆಯ ದೀಪ ಸಂಜೆ ಮಂಕಾಗುವುದು ಇದರಿಂದಲೇ. ಗೇಣಗಲದ ಒಂದು ಗಣಕಬಿಲ್ಲೆಯಲ್ಲಿಯೂ ಈ ಕೊನೆಯ ಗದ್ದೆಯ ಕಷ್ಟ ಎದುರಾಯಿತೆಂದರೆ ನಿಮಗೆ ಅಚ್ಚರಿಯಾದೀತು.

ಗಣಕಯಂತ್ರದ ಚಿಪ್‌ಗಳನ್ನು ಶುದ್ಧ ಸಿಲಿಕಾನಿನ ದುಂಡು ಬಿಲ್ಲೆಯ ಮೇಲೆ ರೂಪಿಸುತ್ತಾರೆ. ಇದಕ್ಕೆ ವೇಫರ್ ಎಂದು ಹೆಸರು; ಇಂದಿನ ವೇಫರಿನ ವ್ಯಾಸ 300 ಮಿಲಿಮೀಟರು. ಅದನ್ನು ಕತ್ತರಿಸಿ ಬೆರಳುಗುರಿನಷ್ಟು ಚಿಕ್ಕ ಚಿಪ್‌ಗಳನ್ನಾಗಿ ಮಾಡುವುದು ವಾಡಿಕೆ. ಕತ್ತರಿಸದೆ ಇಡಿಯಾಗಿಯೇ ಬಳಸಿದರೆ ಮಾಹಿತಿಯು ಚಿಪ್‌ನಿಂದ ಚಿಪ್‌ಗೆ ಅಲೆಯುವ ಕಾಲ ಉಳಿಯುತ್ತದೆ. 1980ರ ದಶಕದಲ್ಲಿ ಅಮೆರಿಕದ ಜೀನ್ ಆಮ್ಡಾಲ್ ಈ ಸಾಹಸಕ್ಕೆ ಕೈಹಾಕಿ ಸೋತರು. 2019ರಲ್ಲಿ ಅಲ್ಲಿಯದೇ ಸೆರೆಬ್ರಾಸ್ ಸಂಸ್ಥೆ 46,225 ಚದರ ಮಿಲಿಮೀಟರಿನ ಚೌಕಾಕಾರದ ಚಿಪ್ ಒಂದನ್ನು ಹೊರತಂದಿತು. 2024ರ ಅದರ ಮೂರನೆಯ ಪೀಳಿಗೆಯಲ್ಲಿ 4 ಲಕ್ಷ ಕೋಟಿ ಟ್ರಾನ್ಸಿಸ್ಟರುಗಳಿವೆ. ಈ ಸಂಸ್ಥೆ 2022ರಲ್ಲಿ ಬೆಂಗಳೂರಿನಲ್ಲಿಯೂ ಕಚೇರಿ ತೆರೆಯಿತು.

ಮೊದಲ ಚಿಪ್‌ಗೆ ಬೇಕಾದ ವಿದ್ಯುತ್ತು ಸುಮಾರು 15 ಕಿಲೋವಾಟ್. ಐದು ಅಶ್ವಶಕ್ತಿಯ ನಾಲ್ಕು ಪಂಪ್‌ಸೆಟ್ಟುಗಳು ಎಳೆಯುವಷ್ಟು! ಟ್ರಾನ್ಸಿಸ್ಟರು ಸಹಿಸುವುದೋ ಒಂದು ವೋಲ್ಟಿಗಿಂತ ಕಡಿಮೆ ಒತ್ತಡವನ್ನು. ವಾಟ್‌ಗಳನ್ನು ವೋಲ್ಟಿನಿಂದ ಭಾಗಿಸಿ ನೋಡಿರಿ: ಪ್ರವಾಹವು 15,000 ಆಂಪಿಯರನ್ನು ಮೀರುತ್ತದೆ. ಇಷ್ಟನ್ನು ಅಂಚಿನಿಂದ ಹರಿಸಿದರೆ ನಡುಭಾಗಕ್ಕೆ ತಲಪುವುದು ಬರಿಯ ತಲಾತಟ್ಟು. ಆದುದರಿಂದ ತಂತ್ರಜ್ಞರು ನಾಲೆಯನ್ನು ಬಿಟ್ಟು ಮಳೆಯನ್ನು ಅನುಸರಿಸಿದರು. ವಿದ್ಯುತ್ತು ಬಿಲ್ಲೆಯ ಮುಖಕ್ಕೆ ನೇರವಾಗಿ, ಎಲ್ಲೆಡೆಯೂ ಒಮ್ಮೆಗೇ ಇಳಿಯುತ್ತದೆ. ಹೆಚ್ಚಿನ ವೋಲ್ಟೇಜಿನಲ್ಲಿ ತಂದು, ಬಿಲ್ಲೆಯ ಸಮೀಪದಲ್ಲಿ ಅದನ್ನು ತಗ್ಗಿಸುತ್ತಾರೆ. ಇದು ಹೊಸ ಉಪಾಯವೇನೂ ಅಲ್ಲ. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗಲೂ ಹೀಗೆಯೇ ಮಾಡಿದ್ದರು. ಒತ್ತಡ ಹೆಚ್ಚಿದಷ್ಟೂ ಪ್ರವಾಹ ತಗ್ಗುತ್ತದೆ. ಪ್ರವಾಹ ತಗ್ಗಿದಷ್ಟೂ ದಾರಿಯ ನಷ್ಟ ಕಡಿಮೆ.

ಚಿಪ್ ಹೀರಿದ ವಿದ್ಯುತ್ತೆಲ್ಲ ಕಡೆಗೆ ಶಾಖವಾಗುತ್ತದೆ. ಆಲೆಮನೆಯ ಕೊಪ್ಪರಿಗೆ ಕಾಯಬೇಕೆಂದೇ ಉರಿ ಹಾಕುತ್ತೇವೆ; ಇದಾದರೋ ಬೇಡವೆಂದರೂ ಕಾಯುವ ಕೊಪ್ಪರಿಗೆ. ಗಾಳಿ ಬೀಸಿ ತಣಿಸುವುದು ಇಲ್ಲಿ ಸಾಲದು. ಬಿಲ್ಲೆಯ ಬೆನ್ನಿಗೆ ಲೋಹದ ಫಲಕವೊಂದನ್ನು ಅಂಟಿಸಿ, ಅದರೊಳಗಿನ ಸಣ್ಣ ಕಾಲುವೆಗಳಲ್ಲಿ ನೀರು ಹರಿಸುತ್ತಾರೆ. ಆ ನೀರು ಹತ್ತು ಡಿಗ್ರಿಯಷ್ಟೇ ಬಿಸಿಯೇರಬೇಕಾದರೆ ನಿಮಿಷಕ್ಕೆ ಇಪ್ಪತ್ತೊಂದು ಲೀಟರಿಗೂ ಮಿಗಿಲಾಗಿ ಹರಿಯಬೇಕು.

ಇನ್ನೊಂದು ತೊಡಕು ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ತೋರುತ್ತದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುವ ಕಮ್ಮಾರ ಅದನ್ನು ಕೆಂಪಗೆ ಕಾಯಿಸುತ್ತಾನೆ. ಕಾದ ಲೋಹ ಹಿಗ್ಗುವುದೆಂಬುದು ಅವನಿಗೆ ಗೊತ್ತು. ಸಿಲಿಕಾನ್ ಅತ್ಯಲ್ಪ ಹಿಗ್ಗುತ್ತದೆ. ಅದಕ್ಕೆ ವಿದ್ಯುತ್ತು ತರುವ ಫಲಕ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ಚಿಕ್ಕ ಚಿಪ್‌ನಲ್ಲಿ ಈ ಅಂತರ ಲೆಕ್ಕಕ್ಕಿಲ್ಲ. ಗೇಣಗಲದ ಬಿಲ್ಲೆಯಲ್ಲಿ ಅದು ಒಂದೆರಡು ಕೂದಲೆಳೆಯ ದಪ್ಪಕ್ಕೆ ಬೆಳೆದು ಬೆಸುಗೆಗಳನ್ನು ಹರಿದುಬಿಡಬಲ್ಲದು. ಆದ್ದರಿಂದ ಎರಡರ ನಡುವೆ ಬಾಗುವ, ವಿದ್ಯುತ್ತನ್ನೂ ಸಾಗಿಸುವ ವಿಶೇಷ ಪದರವೊಂದನ್ನು ಇರಿಸಿದ್ದಾರೆ.

ಯಂತ್ರದೊಳಗಿನ ನೀರು ಸುತ್ತಿ ಸುತ್ತಿ ಮರಳುತ್ತದೆ, ಖರ್ಚಾಗುವುದಿಲ್ಲ. ಆದರೆ ಅದು ಹೊತ್ತು ತಂದ ಶಾಖವನ್ನು ಕಟ್ಟಡದಿಂದ ಹೊರಗಟ್ಟಲೇಬೇಕು. ಒಣ ಗಾಳಿಗೆ ಬಿಟ್ಟರೆ ಬೀಸಣಿಗೆಗಳಿಗೆ ವಿದ್ಯುತ್ತು ಹೆಚ್ಚು ಬೇಕು. ನೀರನ್ನು ಆವಿ ಮಾಡಿ ಕಳೆದರೆ ಇಂಥ ಒಂದೊಂದು ಚಿಪ್‌ಗೂ ದಿನಕ್ಕೆ ಐನೂರು ಲೀಟರಿಗೂ ಹೆಚ್ಚು ನೀರು ಆಕಾಶದ ಪಾಲಾಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳು ಕೊಡ ನೀರಿಗಾಗಿ ಟ್ಯಾಂಕರಿನ ಹಾದಿ ಕಾದವು. ಆ ನಗರ ಕುಡಿಯುವ ಕಾವೇರಿ ನೀರು ಮೇಲೇರಿ ಹೋಗುವುದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ.