ಹೊಲದ ಬೆಲೆಯೂ ಹೊಗೆಯ ಬೆಲೆಯೂ

ಅಂಜನಾಪುರದ ಮಹಾಜನರು ಬೆಳಗಿನ ಹೊತ್ತು ವಾಹನಕ್ಕೆ ಎರಡು ಲೀಟರು ಪೆಟ್ರೋಲು ತುಂಬಿಸಿಕೊಂಡು ಕನಕಪುರ ರಸ್ತೆಯನ್ನು ಸೇರುವಾಗ, ಅದು ಯಾರ ಹೊಲದ ಕೆಳಗೆ ಹರಿದುಬಂದಿತೆಂಬ ವಿಚಾರವು ಅವರ ಮನಸ್ಸಿಗೆ ಹೊಳೆಯುವ ಸಂಭವವಿಲ್ಲ. ಹೊಳೆಯದಿರುವುದು ಅಪರಾಧವೇನೂ ಅಲ್ಲ. ಆದರೆ ಎಣ್ಣೆಯ ದಾರಿಗೂ ಎಣ್ಣೆಯ ಹೊಗೆಗೂ ತೆರಬೇಕಾದ ಬೆಲೆಯೆಷ್ಟು, ಅದನ್ನು ತೆರತಕ್ಕವರು ಯಾರು ಎಂಬ ಪ್ರಶ್ನೆಯು ಅನ್ಯದೇಶಗಳಲ್ಲಿ ಬಹಿರಂಗ ಚರ್ಚೆಗೆ ಬಂದಿರುವಾಗ, ನಮ್ಮಲ್ಲಿ ಅದು ಗ್ಯಾಜೆಟ್ಟಿನ ಪುಟಗಳಲ್ಲಿ ಹುಟ್ಟಿ ಅಲ್ಲಿಯೇ ಅಡಗುತ್ತಿರುವುದು ವಿಷಾದಕರವಾದ ಸಂಗತಿ.

ಕೆನಡಾ ದೇಶದ ದೃಷ್ಟಾಂತವನ್ನೇ ನೋಡಬಹುದು. 2025ರ ನವೆಂಬರ್ 27ರಂದು ಆ ದೇಶದ ಪ್ರಧಾನಿ ಮಾರ್ಕ್ ಕಾರ್ನಿಯವರೂ ಆಲ್ಬರ್ಟಾ ಪ್ರಾಂತದ ಮುಖ್ಯಸ್ಥೆ ಡೇನಿಯಲ್ ಸ್ಮಿತ್ ಅವರೂ ಒಂದು ಒಡಂಬಡಿಕೆಗೆ ಸಹಿ ಮಾಡಿದರು. ಪಶ್ಚಿಮ ತೀರಕ್ಕೆ ಎಣ್ಣೆಯ ಹೊಸ ಕೊಳವೆಮಾರ್ಗ, ಜೊತೆಗೆ ಕಾರ್ಖಾನೆಗಳು ಬಿಡುವ ಇಂಗಾಲದ ಹೊಗೆಗೆ ಹೆಚ್ಚಿನ ಬೆಲೆ, ಇವೆರಡೂ ಆ ಒಂದೇ ಪತ್ರದಲ್ಲಿ ಅಡಕವಾಗಿದ್ದವು. ಮಂತ್ರಿಗಳಲ್ಲೊಬ್ಬರಾದ ಸ್ಟೀವನ್ ಗಿಲ್ಬೋ ಅವರು ಅಂದೇ ರಾಜೀನಾಮೆ ಕೊಟ್ಟರು; ಕರಾವಳಿಯ ಮೂಲನಿವಾಸಿಗಳು ವಿರೋಧಿಸಿದರು. ಒಡಂಬಡಿಕೆ ಸರಿಯೋ ತಪ್ಪೋ, ಅದು ಆ ದೇಶದವರಿಗೆ ಬಿಟ್ಟದ್ದು. ಕೊಳವೆಯನ್ನೂ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆಂಬುದೇ ನಾವು ಗಮನಿಸತಕ್ಕ ಅಂಶ.

ನಮ್ಮ ನಾಡಿಗೆ ಕೊಳವೆಮಾರ್ಗವು ಹೊಸದಲ್ಲ. ಮಂಗಳೂರಿನಿಂದ ಹೊರಟು ನೆರಿಯದ ಬಳಿ ಘಟ್ಟವನ್ನೇರಿ, ಹಾಸನವನ್ನು ಹಾದು, ಹೊಸಕೋಟೆಯ ಕಡೆಯ ದೇವನಗೊಂದಿಯನ್ನು ಮುಟ್ಟುವ ಸುಮಾರು 362 ಕಿಲೋಮೀಟರು ಉದ್ದದ ಮಾರ್ಗವು 2003ರಿಂದ ಬೆಂಗಳೂರಿಗೆ ಎಣ್ಣೆ ತರುತ್ತಿದೆ. ಇದರ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿಯ ಸಮೀಪದ ಪೆರ್ನೆಯಲ್ಲಿ ಅನಿಲದ ಟ್ಯಾಂಕರು ಉರುಳಿ, ಬೆಂಕಿ ಹೊತ್ತಿ, ಮನೆಮಠಗಳಲ್ಲಿದ್ದ ಜನರು ಬೆಂದುಹೋದುದನ್ನು ಬಲ್ಲವರು ಯಾರೂ ಎಲ್ಲವೂ ಲಾರಿಯಲ್ಲಿಯೇ ಬರಲಿ ಎನ್ನಲಾರರು.

ನಮ್ಮ ಆಕ್ಷೇಪಣೆ ಕೊಳವೆಯ ಮೇಲಲ್ಲ, ಅದರ ಲೆಕ್ಕದ ಮೇಲೆ. 1962ರ ಕೊಳವೆಮಾರ್ಗಗಳ ಕಾನೂನಿನ ಪ್ರಕಾರ ಭೂಮಿಯ ಒಡೆತನ ರೈತನಲ್ಲಿಯೇ ಉಳಿಯುತ್ತದೆ, ಉಪಯೋಗದ ಹಕ್ಕು ಮಾತ್ರ ಸರ್ಕಾರಕ್ಕೆ ಸೇರುತ್ತದೆ. ಕೇಳುವುದಕ್ಕೆ ಇದು ಉದಾರವಾಗಿಯೇ ಇದೆ. ಆದರೆ ಆ ಪಟ್ಟಿಯ ಮೇಲೆ ಅವನು ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆನಷ್ಟದ ಪರಿಹಾರವನ್ನು ಬಿಟ್ಟರೆ ಅವನಿಗೆ ಸಲ್ಲುವುದು ಪ್ರಕಟಣೆಯ ದಿನದ ಮಾರುಕಟ್ಟೆ ಬೆಲೆಯ ನೂರಕ್ಕೆ 10 ಪಾಲು, ಅದೂ ಒಂದೇ ಸಲ. ಆಕ್ಷೇಪಿಸುವುದಕ್ಕೆ 21 ದಿನಗಳ ಗಡುವು. ಅಡಕೆಯ ತೋಟವನ್ನೇ ನಂಬಿದವನಿಗೆ ಮರ ನೆಡಬಾರದೆಂದ ಮೇಲೆ ಉಳಿದ ಒಡೆತನದ ಅರ್ಥವೇನು? ತಾನೂ ಒಂದು ಕಾಲದಲ್ಲಿ ಹೊಲವಾಗಿದ್ದು ಬಡಾವಣೆಯಾದ ಅಂಜನಾಪುರಕ್ಕೆ ಈ ಪ್ರಶ್ನೆ ಅಪರಿಚಿತವಾಗಿರಲಾರದು.

ಕೊಚ್ಚಿಯಿಂದ ಬೆಂಗಳೂರಿಗೆ ಅನಿಲ ತರುವ ಮಾರ್ಗದ ವಿಷಯದಲ್ಲಿ ನೆರೆಯ ತಮಿಳುನಾಡಿನ ಏಳು ಜಿಲ್ಲೆಗಳ ರೈತರು ಇದೇ ಪ್ರಶ್ನೆಯನ್ನೆತ್ತಿದರು. ಹೊಲಗಳನ್ನು ಬಿಟ್ಟು ಹೆದ್ದಾರಿಯ ಪಕ್ಕದಲ್ಲಿ ಹೋಗಿರೆಂದು 2013ರಲ್ಲಿ ಆ ರಾಜ್ಯದ ಸರ್ಕಾರವೂ ಹೇಳಿತು. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೊಳವೆಯ ಪಕ್ಷದಲ್ಲಿಯೇ ತೀರ್ಪಿತ್ತಿತು. ಕಾನೂನು ಗೆದ್ದಿತು, ಬೇಗುದಿ ಆರಲಿಲ್ಲ.

ಇನ್ನು ಹೊಗೆಯ ಬೆಲೆ. ಒಂದು ಲೀಟರು ಡೀಸೆಲು ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲಾಮ್ಲ ಆಕಾಶಕ್ಕೇರುತ್ತದೆ. ಭಾರತ ಸರ್ಕಾರವು 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಸೆಸ್ ಹಾಕಿ, 2016ರ ವೇಳೆಗೆ ಅದನ್ನು 400ಕ್ಕೇರಿಸಿತು. ಶುದ್ಧಶಕ್ತಿಯ ನಿಧಿಗೆಂದು ಎತ್ತಿದ ಈ ಹಣವು 2017ರಿಂದ ರಾಜ್ಯಗಳ ತೆರಿಗೆ ನಷ್ಟವನ್ನು ತುಂಬುವುದಕ್ಕೆ ಹೋಯಿತು. 2025ರ ಸೆಪ್ಟೆಂಬರ್ 22ರಿಂದ ಸೆಸ್ಸೇ ರದ್ದಾಗಿ, ಕಲ್ಲಿದ್ದಲಿನ ಸರಕು ಸೇವಾ ತೆರಿಗೆಯು ನೂರಕ್ಕೆ 5ರಿಂದ 18ಕ್ಕೇರಿತು. ಟನ್ನಿಗೆ 1500 ರೂಪಾಯಿ ಬೆಲೆಯ ಕಲ್ಲಿದ್ದಲೆಂದಿಟ್ಟುಕೊಂಡರೆ, ಹಿಂದೆ 475 ರೂಪಾಯಿಯಾಗುತ್ತಿದ್ದ ಭಾರವು ಈಗ 270 ಆಗುತ್ತದೆ. ಅಗ್ಗದ ಕಲ್ಲಿದ್ದಲಿಗೆ ರಿಯಾಯಿತಿಯೇ ದೊರೆತಂತಾಯಿತು! ಇದರ ವಿಷಯವಾಗಿ ನಮ್ಮ ಪಟ್ಟಣಗಳಲ್ಲಿ ಎಷ್ಟು ಸಭೆಗಳು ನಡೆದವು?

2023ರಲ್ಲಿ ಪ್ರಕಟವಾದ ಇಂಗಾಲ ವ್ಯಾಪಾರ ಯೋಜನೆಯು ಸಿಮೆಂಟು, ಅಲ್ಯುಮಿನಿಯಂ, ಕಾಗದ ಮುಂತಾದ ಉದ್ಯಮಗಳಿಗೆ ಉತ್ಪಾದನೆಯ ಟನ್ನೊಂದಕ್ಕೆ ಇಷ್ಟೇ ಹೊಗೆಯೆಂದು ಮಿತಿ ಕಟ್ಟುತ್ತದೆ. ಮಿತಿಗಿಂತ ಕಡಮೆ ಬಿಟ್ಟವರು ಪತ್ರ ಮಾರಬಹುದು, ಮೀರಿದವರು ಕೊಳ್ಳಬೇಕು. ಕಾರ್ಖಾನೆ ಬೆಳೆದಂತೆ ಒಟ್ಟು ಹೊಗೆಯೂ ಬೆಳೆಯಬಹುದೆಂಬ ಕೊರತೆಯಿದ್ದರೂ ಇದು ಸರಿಯಾದ ಹೆಜ್ಜೆ. ಇದನ್ನು ನಾವು ಬಿಗಿಯಾಗಿ ನಡೆಸದಿದ್ದರೆ ಪರರು ನಡೆಸುವರು. 2026ರ ಜನವರಿ 1ರಿಂದ ಯುರೋಪಿನ ಒಕ್ಕೂಟವು ಹೊರಗಿನಿಂದ ಬರುವ ಉಕ್ಕು, ಸಿಮೆಂಟುಗಳಿಗೆ ಇಂಗಾಲದ ಬೆಲೆ ಕಟ್ಟುತ್ತಿದೆ. ಮೂಲದೇಶದಲ್ಲಿ ತೆತ್ತಷ್ಟನ್ನು ಅದರಲ್ಲಿ ಕಳೆಯುತ್ತದೆ. ತೋರಣಗಲ್ಲಿನ ಉಕ್ಕಿನ ಹೊಗೆಗೆ ಸಲ್ಲಬೇಕಾದ ಹಣವು ಭಾರತದ ಬೊಕ್ಕಸವನ್ನು ಬಿಟ್ಟು ಯುರೋಪಿನ ಬೊಕ್ಕಸವನ್ನು ಸೇರುವುದು ಸ್ವದೇಶಾಭಿಮಾನಕ್ಕೆ ಒಪ್ಪುವ ಮಾತೇ?

ಬೆಲೆ ಕಟ್ಟಿದರೆ ವಸ್ತುಗಳು ತುಟ್ಟಿಯಾಗುತ್ತವೆ, ಪೀಣ್ಯದ ಸಣ್ಣ ಕಾರ್ಖಾನೆಗಳು ಬಳಲುತ್ತವೆ ಎಂಬ ವಾದವುಂಟು. ಅದು ಸುಳ್ಳಲ್ಲ. ಆದರೆ ಬೆಲೆಯು ಈಗಲೂ ಸಂದಾಯವಾಗುತ್ತಲೇ ಇದೆ: ಹೊಲದವನು ನೆಡದ ಮರದ ರೂಪದಲ್ಲಿ, ಮಳೆ ತಪ್ಪಿದ ವರುಷ ಒಣಗಿದ ಬೆಳೆಯ ರೂಪದಲ್ಲಿ ಅದನ್ನು ತೆರುತ್ತಿದ್ದಾನೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬಂತೆ ನಗರವು ಎಷ್ಟು ಕಾಲ ನಡೆದೀತು?

ಆದುದರಿಂದ ನಮ್ಮ ಸೂಚನೆಗಳು ಮೂರು. ಕೊಳವೆಮಾರ್ಗದ ಪ್ರಕಟಣೆಯನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ 21 ದಿನಗಳ ಗಡುವು ಆರಂಭವಾಗಲಿ. ಒಂದೇ ಸಲದ ಹತ್ತನೆಯ ಪಾಲಿನ ಬದಲು, ಎಣ್ಣೆ ಹರಿಯುವಷ್ಟು ಕಾಲ ರೈತನಿಗೆ ವರ್ಷಾಶನ ಸಲ್ಲಲಿ. ಹೊಗೆಯ ಬೆಲೆಯಿಂದ ಬಂದ ಹಣವನ್ನು ಬೇರೆ ಲೆಕ್ಕದಲ್ಲಿಟ್ಟು, ಈ ವರ್ಷಾಶನಕ್ಕೂ ಸಣ್ಣ ಉದ್ಯಮಗಳ ಸುಧಾರಣೆಗೂ ವಿನಿಯೋಗಿಸಲಿ. ಇದರಿಂದ ಪೆಟ್ರೋಲಿಗೆ ನಾಲ್ಕು ಕಾಸು ಹೆಚ್ಚಾದರೆ, ಪಟ್ಟಣಿಗರಾದ ನಾವು ಅದನ್ನು ದಂಡವೆಂದೆಣಿಸದೆ ಬಹುದಿನದ ಬಾಕಿಯೆಂದೆಣಿಸಿ ತೆರಬೇಕು. ಶಾಸನಸಭೆಯ ಸದಸ್ಯರೂ ಅಧಿಕಾರಿವರ್ಗದವರೂ ಈ ವಿಷಯವನ್ನು ಗ್ಯಾಜೆಟ್ಟಿನಿಂದ ಸಭೆಗೆ ತರುವರೆಂದು ಹಾರೈಸುತ್ತೇವೆ.